ಗೆದ್ದವರಿಗೆ ಬಿಳಿ, ಸೋತವರಿಗೆ ಕರಿ

ಫೆಬ್ರವರಿ 3, ಸೋಮವಾರ

ಭಾವನಿಗೆ ವರ್ಗವಾಗಿದೆ. ಊಟಕ್ಕೆ ಕೂತಾಗ ಅಕ್ಕ ಹೇಳಿದಳು. ಭಾವ ಪಕ್ಕದಲ್ಲೇ ಇದ್ದರು, ಆದರೆ ನಮ್ಮ ಮನೆಯಲ್ಲಿ ಭಾವನ ಸುದ್ದಿಯನ್ನೂ ಅಕ್ಕನೇ ಓದುವುದು. ಮಾರ್ಚ್ ಕೊನೆಗೆ ಹೊರಡಬೇಕು. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿಯ ದೂರ. "ಪುಟ್ಟೀ, ನಿನ್ ರೂಮಿಗೆ ಕಿಟಕಿ ಇರೋ ಮನೇನೇ ನೋಡಿದೀವಿ" ಎಂದಳು. ಬರುತ್ತೀಯಾ ಎಂದು ಕೇಳಲಿಲ್ಲ. ಕೇಳುವಂಥ ಮಾತೇ ಅಲ್ಲ ಅದು. ಹಿಂದೆ ಎರಡು ಸಲ ವರ್ಗವಾದಾಗಲೂ ಪಾತ್ರೆಪಗಡೆ, ಇಸ್ತ್ರಿಪೆಟ್ಟಿಗೆ, ನಾನು, ಎಲ್ಲ ಒಟ್ಟಿಗೇ ಹೊರಟಿದ್ದೆವು. ನಲವತ್ಮೂರು ವರ್ಷದ ಪುಟ್ಟಿ ಕೋಲೆಬಸವನ ಹಾಗೆ ತಲೆಯಾಡಿಸಿ ಸರಿ ಎಂದಳು.

ಈ ಡೈರಿ ಟೂತ್‌ಪೇಸ್ಟಿನವರು ನಮ್ಮ ಲ್ಯಾಬಿಗೆ ಬಿಟ್ಟಿ ಕೊಟ್ಟದ್ದು. ಪ್ರತಿ ಪುಟದ ಮೂಲೆಯಲ್ಲೂ ಒಂದು ಹಲ್ಲು ನಗುತ್ತಿದೆ. ನಾನು ದಿನವೂ ಹಲ್ಲಿನ ಸೆಟ್ಟು ಜೋಡಿಸುವವಳು. ಇಷ್ಟು ವರ್ಷದಲ್ಲಿ ಯಾವ ಹಲ್ಲೂ ನನ್ನನ್ನು ನೋಡಿ ನಕ್ಕದ್ದಿಲ್ಲ. ಇವತ್ತು ಇದು ನಕ್ಕದ್ದು ನೋಡಿ ಸಿಟ್ಟು ಬಂತು. ಅದಕ್ಕೇ ಬರೆಯಲು ಕೂತೆ.

ಫೆಬ್ರವರಿ 6, ಗುರುವಾರ

ಮೇಲಿನ ಸೆಟ್ಟು ಕಟಕಟ ಅನ್ನುತ್ತದೆಂದು ದೂರು ಹೊತ್ತು ಮುದುಕರೊಬ್ಬರು ಲ್ಯಾಬಿಗೆ ಬಂದಿದ್ದರು. ಸೆಟ್ಟು ಮಾಡಿದವಳು ನಾನೇ ಆದ್ದರಿಂದ ಯಜಮಾನರು ನನ್ನನ್ನೇ ಮುಂದೆ ತಳ್ಳಿದರು.

"ಯಾವಾಗ ಕಟಕಟ ಅನ್ನುತ್ತೆ?"

"ಯೋಚನೆ ಮಾಡುವಾಗ."

"ಊಟ ಮಾಡುವಾಗ?"

"ಊಟ ಮಾಡುವಾಗ ನಾನ್ಯಾಕಮ್ಮ ಯೋಚನೆ ಮಾಡ್ಲಿ?"

ಯೋಚನೆ ಮಾಡುವುದು ಚದುರಂಗದಲ್ಲಂತೆ. ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಕ್ಲಬ್ ಇದೆ, ಇವರೇ ಅದರ ಅಧ್ಯಕ್ಷರು. ನಿಮಗೆ ಆಟ ಬರುತ್ತಾ ಎಂದರು. ಚಿಕ್ಕಂದಿನಲ್ಲಿ ಅಕ್ಕನ ಜೊತೆ ಆಡುತ್ತಿದ್ದೆ ಎಂದೆ.

"ಗೆಲ್ತಿದ್ರಾ?"

"ಅವಳು ದೊಡ್ಡವಳು, ಯಾವಾಗಲೂ ಬಿಳಿ ಅವಳಿಗೆ. ಸೋಲೋ ಹಾಗಾದ್ರೆ ಅಮ್ಮ ಊಟಕ್ಕೆ ಕರೀತಿದಾಳೆ ಅಂತ ಎದ್ದುಬಿಡ್ತಿದ್ಲು."

ಅಧ್ಯಕ್ಷರು ನಕ್ಕ ರಭಸಕ್ಕೆ ಕೆಳಗಿನ ಸೆಟ್ಟು ಅಂಗೈಗೇ ಬಂತು. ಅದನ್ನು ಸರಿಮಾಡಿ ಕೊಟ್ಟೆ. ಮೇಲಿನದರಲ್ಲಿ ದೋಷವೇನೂ ಇರಲಿಲ್ಲ, ಯೋಚನೆಯದೇ ದೋಷ. ಶನಿವಾರ ಬನ್ನಿ ಎಂದರು. ಸರಿ ಎಂದೆ. ಯಾರು ಏನಂದರೂ ಸರಿ ಎನ್ನುವ ಬಾಯಿ ಇದು.

ಫೆಬ್ರವರಿ 8, ಶನಿವಾರ

ಹೋದೆ! ಕಿರಿದಾದ ಮೆಟ್ಟಿಲು, ಚರ್ಮದ ವಾಸನೆ, ಮೇಲೆ ಒಂದು ಉದ್ದದ ಕೋಣೆ. ಮಾತೇ ಆಡದ ಅವಳಿ ಅಣ್ಣತಮ್ಮ ಇಬ್ಬರು ಕಿಟಕಿಯ ಹತ್ತಿರ ಆಡುತ್ತಿದ್ದರು. ಮೂಲೆಯ ಔಷಧಿ ಅಂಗಡಿಯವನೂ ಇದ್ದ. ಅವನಿಗೆ ಎಲ್ಲರೂ ಸಿಳ್ಳೆ ಎನ್ನುತ್ತಾರೆ, ಏಕೆಂದರೆ ಎದುರಿನವರ ಕತ್ತು ಹಿಸುಕುವಾಗ ಅವನು ಮೆಲ್ಲಗೆ ಸಿಳ್ಳೆ ಹಾಕುತ್ತಾನೆ.

ಕ್ಲಬ್ಬಿಗೆ ತನ್ನದೇ ಒಂದು ಕಾನೂನಿದೆ, ಗೋಡೆಯ ಮೇಲೆ ಬರೆದು ಹಾಕಿದ್ದಾರೆ: ಗೆದ್ದವರಿಗೆ ಬಿಳಿ, ಸೋತವರಿಗೆ ಕರಿ, ಚಹಾ ಮಾಡುವುದೂ ಸೋತವರೇ. ಹೊಸಬರು ಸೋತವರ ಲೆಕ್ಕಕ್ಕೇ ಸೇರುತ್ತಾರೆ. ಅಂದರೆ ಒಂದು ಸಲ ಗೆಲ್ಲುವ ತನಕ ನನಗೆ ಕರಿಯೇ ಗತಿ. ಬಿಳಿಯವರು ಮೊದಲು ನಡೆಸುತ್ತಾರೆ, ಕರಿಯವರು ಉತ್ತರ ಕೊಡುತ್ತಾರೆ. ನನಗೇನೂ ಬೇಸರವಾಗಲಿಲ್ಲ, ಅಭ್ಯಾಸವಿದೆ. ಸಿಳ್ಳೆ ಎಷ್ಟು ಬೇಗ ಸೋಲಿಸಿದನೆಂದರೆ ಚಹಾದ ನೀರು ಕುದಿಯುವಷ್ಟರಲ್ಲಿ ಇನ್ನೊಂದು ಸಲ ಸೋತು ಬಂದೆ.

ಮನೆಗೆ ಬರುವಾಗ ದಾರಿಯುದ್ದಕ್ಕೂ ನಗು. ಸೋತವಳು ಹೀಗೆ ನಗಬಾರದು.

ಫೆಬ್ರವರಿ 12, ಬುಧವಾರ

ಫೋನಿನ ವಿಡಿಯೋದಲ್ಲಿ ಯಾರೋ ಕಲಿಸಿದ ಭಯಂಕರ ಆರಂಭವೊಂದನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬೆಂಕಿ, ಬಿರುಗಾಳಿ, ಎಲ್ಲ ಅದರಲ್ಲಿದೆ. ಮಂಗನ ಕೈಗೆ ಮಾಣಿಕ್ಯ ಸಿಕ್ಕಂತಾಯಿತು. ಸಿಳ್ಳೆ ನನ್ನ ಬೆಂಕಿಯಲ್ಲಿ ನನ್ನನ್ನೇ ಸುಟ್ಟ. ಅಧ್ಯಕ್ಷರು ಪಕ್ಕದಲ್ಲಿ ಕೂತು ಕಟಕಟ ಎನ್ನುತ್ತಿದ್ದರು.

"ನೋಡಿ ತಾಯಿ," ಎಂದರು ಆಮೇಲೆ, "ಕರಿಯವರ ಮೊದಲ ಕೆಲಸ ಗೆಲ್ಲೋದಲ್ಲ, ಬದುಕಿರೋದು. ಮೊದಲು ಬೀಳದ ಮನೆ ಕಟ್ಟಿಕೊಳ್ಳಿ. ಜಗಳ ತಾನಾಗೇ ಬರುತ್ತೆ."

ಫೆಬ್ರವರಿ 15, ಶನಿವಾರ

ಮನೆ ಸಿಕ್ಕಿತು! ಕರಿಯವರ ಆರಂಭವೊಂದು, ಹೆಸರು ಕಾರೋ-ಕಾನ್. ಇಬ್ಬರು ಗಂಡಸರ ಹೆಸರಂತೆ, ನನಗೆ ಮಾತ್ರ ಒಬ್ಬಳೇ ಗಟ್ಟಿ ಹೆಂಗಸಿನ ಹೆಸರಿನ ಹಾಗೆ ಕೇಳಿಸಿತು.

ಬಿಳಿಯವನು ರಾಜನ ಮುಂದಿನ ಪೇದೆಯನ್ನು ಎರಡು ಮನೆ ನುಗ್ಗಿಸುತ್ತಾನೆ. ನಾವು ನುಗ್ಗುವುದಿಲ್ಲ. ಮಂತ್ರಿಯ ಕಡೆಯ ಒಂಟೆಯ ಮುಂದಿರುವ ಪೇದೆಯನ್ನು ಒಂದೇ ಒಂದು ಮನೆ ಸರಿಸುತ್ತೇವೆ, ಏನೂ ಗೊತ್ತಿಲ್ಲದವರ ಹಾಗೆ. ಮುಂದಿನ ನಡೆಗೆ ಮಂತ್ರಿಯ ಮುಂದಿನ ಪೇದೆಯನ್ನು ಎರಡು ಮನೆ ನಡೆಸಿ ಅವನ ಮುಖಕ್ಕೇ ನಿಲ್ಲಿಸುತ್ತೇವೆ. ಅದನ್ನು ಹೊಡೆದರೆ ಹಿಂದಿನ ಪೇದೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಆಮೇಲೆ ಒಂಟೆ ಹೊರಗೆ, ಒಂಟೆ ಹೊರಟ ಮೇಲಷ್ಟೇ ರಾಜನ ಪೇದೆ ಸರಿಸಿ ಬಾಗಿಲು ಹಾಕುವುದು. ಮೊದಲೇ ಬಾಗಿಲು ಹಾಕಿದರೆ ಒಂಟೆ ಜೀವಮಾನವಿಡೀ ಒಳಗೇ ಕೊಳೆಯುತ್ತದೆ ಎಂದು ಅಧ್ಯಕ್ಷರು ಎಚ್ಚರಿಸಿದರು. ಇವತ್ತೂ ಸೋತೆ. ಆದರೆ ಚಹಾದ ನೀರು ಕುದ್ದು ಆರಿಹೋಗಿತ್ತು!

ಫೆಬ್ರವರಿ 19, ಬುಧವಾರ

ಲ್ಯಾಬಿನಲ್ಲಿ ಮಣೆಯಿಲ್ಲ, ಕಾಯಿಗಳಿಲ್ಲ. ಹಲ್ಲಿಗೇನು ಬರ? ಉಳಿಕೆ ಹಲ್ಲುಗಳ ತಟ್ಟೆಯಿಂದ ಒಂದು ಪಡೆ ಎಬ್ಬಿಸಿದೆ. ಮುಂದಿನ ಹಲ್ಲುಗಳು ಪೇದೆ, ಕೋರೆಹಲ್ಲು ಒಂಟೆ, ಚಿಕ್ಕ ದವಡೆಹಲ್ಲು ಕುದುರೆ, ದೊಡ್ಡದು ಆನೆ. ರಾಜ, ಮಂತ್ರಿಗಳನ್ನು ಮೇಣದಲ್ಲಿ ಮಾಡಿದೆ. ಹೊಳೆಯುವ ಬಿಳಿ ಹಲ್ಲು ಬಿಳಿಯ ಪಡೆಗೆ, ಬೀಡಿ ಸೇದುವವರಿಗೆಂದು ತರಿಸುವ ಕಂದು ಹಲ್ಲು ನನ್ನ ಪಡೆಗೆ. ಹಲ್ಲಿದ್ದವನಿಗೆ ಕಡಲೆ ಇಲ್ಲ ಅನ್ನುತ್ತಾರೆ. ನನಗೆ ಎರಡೂ ಇದ್ದಂತಾಯಿತು.

ಮನೆಯಲ್ಲಿ ಅಕ್ಕ ರಟ್ಟಿನ ಪೆಟ್ಟಿಗೆ ತರಿಸಿದ್ದಾಳೆ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಚೌಕ ಎಳೆದರೆ ಒಳ್ಳೆಯ ಮಣೆಯಾದೀತು.

ಫೆಬ್ರವರಿ 22, ಶನಿವಾರ

ಸಿಳ್ಳೆ ಕಿಲಾಡಿ. ರಾಜನ ಪೇದೆ ಬಿಟ್ಟು ಮಂತ್ರಿಯ ಪೇದೆಯನ್ನು ನುಗ್ಗಿಸಿದ. ಬಾಯಿ ಕಟ್ಟಿತು, ಸೋತೆ. ಅಧ್ಯಕ್ಷರು ಸಮಾಧಾನ ಹೇಳಿದರು: ಅದಕ್ಕೂ ಅದೇ ಮನೆ ಸಾಕು, ಹೆಸರು ಮಾತ್ರ ಸ್ಲಾವ್. ಮೊದಲು ಮಂತ್ರಿಯ ಪೇದೆ ಎರಡು ಮನೆ, ಆಮೇಲೆ ನಮ್ಮ ಗುಮ್ಮನಗುಸುಕ ಪೇದೆ ಒಂದು ಮನೆ. ಎರಡು ಬಾಗಿಲಿಗೂ ಒಂದೇ ಬೀಗದಕೈ! ಖುಷಿಗೆ ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿ ಹೋಗಿಬಿಟ್ಟೆ.

ಹೊರಟುಹೋಗುವ ವಿಷಯ ಕ್ಲಬ್ಬಿನಲ್ಲಿ ಹೇಳಿಲ್ಲ. ಹೇಳಬೇಕು. ಬುಧವಾರ ಹೇಳುತ್ತೇನೆ.

ಮಾರ್ಚ್ 1, ಶನಿವಾರ

ಡ್ರಾ! ಡ್ರಾ! ಡ್ರಾ!

ಸಿಳ್ಳೆ ಬಡಿದ, ಗುದ್ದಿದ, ತಳ್ಳಿದ. ನನ್ನ ಮನೆ ಅಲುಗಲಿಲ್ಲ. ಕೊನೆಗೆ ಅವನ ಸಿಳ್ಳೆಯೇ ನಿಂತುಹೋಯಿತು. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ, ಆದರೂ ಇವತ್ತಿನಷ್ಟು ಸಂತೋಷ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ. ಚಹಾ ಯಾರು ಮಾಡಬೇಕೆಂದು ಕಾನೂನಿನಲ್ಲಿ ಇರಲಿಲ್ಲ. "ಇಬ್ಬರೂ ಮಾಡಿ" ಎಂದ ಅವಳಿಗಳಲ್ಲೊಬ್ಬ. ಅವನ ದನಿ ಮೊದಲ ಸಲ ಕೇಳಿದ್ದು.

ಅಕ್ಕ ನಾಳೆ ಪರದೆ ಕೊಳ್ಳಲು ಕರೆದಳು, ಹೊಸ ಮನೆಯ ನನ್ನ ಕಿಟಕಿಗೆ. ನಾಳೆ ಆಗಲ್ಲ ಅಕ್ಕ, ಓದೋದಿದೆ ಎಂದೆ. ಅಕ್ಕ ಥರ್ಮಾಮೀಟರ್ ತಂದಳು.

ಮಾರ್ಚ್ 12, ಬುಧವಾರ

ಅನಾಹುತ. ನಿವೃತ್ತ ರಾಯಭಾರಿಯೊಬ್ಬರ ಸೆಟ್ಟು ಹೋದ ವಾರ ನಾನೇ ಮುಗಿಸಿದ್ದೆ. ಡಾಕ್ಟರು ಮೇಣದ ಮಾದರಿಯನ್ನು ಬಾಯಿಗಿಟ್ಟು ನೋಡಿ ಒಪ್ಪಿದ ಮೇಲೆ ಒಂದು ಹಲ್ಲು ಕಳಚಿಬಿದ್ದಿತ್ತು. ಪಕ್ಕದಲ್ಲಿದ್ದದ್ದನ್ನೇ ತೆಗೆದು ಕೂರಿಸಿದ್ದೆ. ಇವತ್ತು ಪಡೆ ಜೋಡಿಸಿದರೆ ಒಂದು ಪೇದೆ ಇಲ್ಲ. ಯಾವ ಪೇದೆ? ಅದೇ, ಒಂದೇ ಮನೆ ಸರಿಯುವ ನನ್ನ ಕಾರೋ-ಕಾನ್ ಪೇದೆ! ಬೀಡಿ ಸೇದುವವರ ಆ ಕಂದು ಹಲ್ಲು ಈಗ ರಾಯಭಾರಿಯವರ ಮುತ್ತಿನಂಥ ಸಾಲಿನ ನಡುವೆ ಕೂತಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಗಾದೆ ಯಾರ ಬಾಯಲ್ಲೂ ಇಷ್ಟು ನಿಜವಾಗಿರಲಿಕ್ಕಿಲ್ಲ.

ಯಜಮಾನರಿಗೆ ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದರು. ನನಗೆ ಭಯಕ್ಕಿಂತ ಹೆಚ್ಚಾಗಿ ನಗು ಬರುತ್ತಿತ್ತು, ಕೆನ್ನೆ ಒಳಗಿಂದ ಕಚ್ಚಿಕೊಂಡು ನಿಂತಿದ್ದೆ.

ಮಾರ್ಚ್ 14, ಶುಕ್ರವಾರ

ರಾಯಭಾರಿ ಖುದ್ದಾಗಿ ಬಂದರು. ಯಜಮಾನರು ಕೈ ಮುಗಿಯುವಷ್ಟರಲ್ಲಿ ಅವರು ಹಲ್ಲು ಬಿಟ್ಟು ತೋರಿಸಿ, "ಇದನ್ನ ಮಾಡಿದ್ದು ಯಾರು?" ಎಂದರು. ಮುಂದೆ ಬಂದೆ.

"ಇಷ್ಟು ದಿನ ಎಲ್ಲರೂ ನನ್ನ ಹಳೇ ಸೆಟ್ಟು ನೋಡಿ ಸೆಟ್ಟು ಚೆನ್ನಾಗಿದೆ ಅಂತಿದ್ರು. ಈಗ ಹಲ್ಲು ಚೆನ್ನಾಗಿದೆ ಅಂತಾರೆ. ಯಾರಿಗೂ ಕಟ್ಟಿಸಿದ್ದು ಅಂತ ಗೊತ್ತಾಗ್ತಿಲ್ಲ ಕಣಮ್ಮ!"

ಯಜಮಾನರ ಮುಗಿದ ಕೈ ಹಾಗೇ ಚಪ್ಪಾಳೆಯಾಯಿತು. ಆಮೇಲೆ ನನ್ನನ್ನು ಕರೆದು, ನಿಮ್ಮ ಭಾವನಿಗೆ ವರ್ಗವಂತೆ, ನೀನು ಹೋದರೆ ಇಂಥ ತಪ್ಪು ಮಾಡೋಕೆ ನಾನು ಯಾರನ್ನ ಹುಡುಕಲಿ ಎಂದರು. ನೋಡೋಣ ಎಂದೆ. ಭಾನುವಾರವೂ ಬಾ ಎಂದರು. ಭಾನುವಾರ ಆಗಲ್ಲ ಎಂದೆ. ಸ್ಲಾವ್‌ನಲ್ಲಿ ಒಂಟೆ ಯಾವಾಗ ಹೊರಡಬೇಕೆಂಬುದು ನನಗಿನ್ನೂ ಸರಿಯಾಗಿ ಹಿಡಿತಕ್ಕೆ ಬಂದಿಲ್ಲ.

ಮಾರ್ಚ್ 19, ಬುಧವಾರ

ಅಧ್ಯಕ್ಷರು ಘೋಷಿಸಿದರು: ಏಪ್ರಿಲ್‌ನಿಂದ ಊರಿನ ಕ್ಲಬ್ಬುಗಳ ಪಂದ್ಯ. ತಂಡಕ್ಕೆ ನಾಲ್ವರು ಬೇಕು. ಅಧ್ಯಕ್ಷರು, ಅವಳಿಗಳು, ನಾಲ್ಕನೆಯ ಕುರ್ಚಿ ಖಾಲಿ. 29ನೇ ತಾರೀಖು ಶನಿವಾರ ಸಿಳ್ಳೆಗೂ ನನಗೂ ಒಂದೇ ಆಟ, ಗೆದ್ದವರಿಗೆ ಕುರ್ಚಿ. ಡ್ರಾ ಆದರೆ ಹಳಬನಿಗೆ, ಅಂದರೆ ಸಿಳ್ಳೆಗೆ.

ನಮ್ಮ ಲಾರಿ ಬರುವುದು 31ಕ್ಕೆ.

ಹೇಳಬೇಕಿತ್ತು. ಬಾಯಿ ತೆರೆದೆ, "ಎಷ್ಟು ಗಂಟೆಗೆ?" ಎಂದು ಕೇಳಿದೆ.

ಮಾರ್ಚ್ 24, ಸೋಮವಾರ

ಇಪ್ಪತ್ತೊಂಬತ್ತಕ್ಕೆ ಗೆದ್ದು ಏನು ಮಾಡಲಿ, ಎಂದು ಮೇಣ ಕಾಯಿಸುತ್ತಾ ಯೋಚಿಸಿದೆ. ಗೆದ್ದ ಕುರ್ಚಿಯನ್ನು ಲಾರಿಯಲ್ಲಿ ಹಾಕಿಕೊಂಡು ಹೋಗಲಾಗುತ್ತದೆಯೇ? ಆ ಕುರ್ಚಿ ನನಗೆ ಬೇಕು. ಇಷ್ಟು ಬೇಕು ಎಂದು ನಾನು ಈವರೆಗೆ ಏನನ್ನೂ ಬಯಸಿದವಳಲ್ಲ, ಹೇಗೆ ಬಯಸಬೇಕೆಂದೂ ಗೊತ್ತಾಗುತ್ತಿಲ್ಲ.

ಕೆಳಗಿನ ಮನೆಯ ಯಜಮಾನಿ ಮೆಟ್ಟಿಲಲ್ಲಿ ಸಿಕ್ಕರು. ನಾವು ಬಿಡುವ ಮನೆಗೆ ಯಾರಾದರೂ ಗೊತ್ತಾದರಾ ಎಂದು ಕೇಳಿದೆ. ಇನ್ನೂ ಇಲ್ಲ ಎಂದರು. ಒಬ್ಬರೇ ಇರುವವರಿಗೆ ಕೊಡುತ್ತೀರಾ ಎಂದೆ. ಗಲಾಟೆ ಇಲ್ಲದವರಾದರೆ ಕೊಡ್ತೀನಿ ಎಂದರು. ಸುಮ್ಮನೆ ಕೇಳಿದ್ದು.

ಮಾರ್ಚ್ 29, ಶನಿವಾರ

ಅಕ್ಷರ ಕುಣಿಯುತ್ತಿದೆ, ಕುಣಿಯಲಿ.

ನಾನು ಎಲ್ಲಕ್ಕೂ ಸಿದ್ಧಳಾಗಿ ಹೋಗಿದ್ದೆ. ರಾಜನ ಪೇದೆ ಬಂದರೆ ಹೀಗೆ, ಮಂತ್ರಿಯ ಪೇದೆ ಬಂದರೆ ಹಾಗೆ, ಒಂಟೆಯ ಪೇದೆ ಬಂದರೂ ಒಂದು ದಾರಿ. ಸಿಳ್ಳೆ ಕೂತ. ನನ್ನನ್ನು ನೋಡಿ ನಕ್ಕ. ಮಣೆಯ ಅಂಚಿನಲ್ಲಿರುವ ಆನೆಯ ಪೇದೆಯನ್ನು ಒಂದೇ ಒಂದು ಮನೆ ಸರಿಸಿದ. ಅದು ನಡೆಯೇ ಅಲ್ಲ. ನಡೆಯನ್ನು ತಟ್ಟೆಯಲ್ಲಿಟ್ಟು ನನ್ನ ಕಡೆ ತಳ್ಳಿದ್ದು, ಅಷ್ಟೇ.

"ನಿಮ್ಮ ಹತ್ರ ಎಲ್ಲಕ್ಕೂ ಉತ್ತರ ಇದೆ ಅಂತಾರೆ ಮೇಡಂ," ಎಂದ. "ನಾನು ಏನೂ ಕೇಳಲೇ ಇಲ್ಲ. ಈಗ?"

ನಿಜ ಹೇಳುತ್ತೇನೆ, ಕಣ್ಣು ಕತ್ತಲಿಟ್ಟಿತು. ಎರಡು ತಿಂಗಳ ಪಾಠವೆಲ್ಲ ಕೈಗೆ ಬಾರದೆ ಹೋಯಿತು. ಪಕ್ಕದಿಂದ ಅಧ್ಯಕ್ಷರ ಕಟಕಟ. ಅವನು ಸಿಳ್ಳೆ ಶುರುಮಾಡಿದ. ಆ ಸಿಳ್ಳೆಗೆ ಮೈ ಉರಿಯಿತು. ಮಂತ್ರಿಯ ಪೇದೆಯನ್ನು ಎರಡು ಮನೆ ನಡೆಸಿದೆ. ಅವನು ಗತ್ತಿನಿಂದ ಇನ್ನೊಂದು ಅಂಚಿನ ಪೇದೆಯನ್ನು ಸರಿಸಿದ. ಸರಿ, ಯಾರೂ ತಡೆಯುವವರಿಲ್ಲವಲ್ಲ ಎಂದು ರಾಜನ ಪೇದೆಯನ್ನೂ ಎರಡು ಮನೆ ನಡೆಸಿದೆ. ಎರಡು ಪೇದೆಗಳು ಅಕ್ಕಪಕ್ಕ, ಮಣೆಯ ನಟ್ಟನಡುವೆ, ನನ್ನವು! ಇಷ್ಟು ದಿನ ಇಂಥ ಜೋಡಿ ಎದುರಿನವರದ್ದಾಗಿ ನನ್ನ ಮೇಲೆ ಬರುವುದನ್ನಷ್ಟೇ ಕಂಡಿದ್ದೆ. ಮುಂದೆ ಪುಸ್ತಕವಿರಲಿಲ್ಲ. ತೋಚಿದ್ದನ್ನು ಆಡಿದೆ, ತೋಚುತ್ತಲೇ ಹೋಯಿತು.

ಅವನು ಅಂಚುಗಳಲ್ಲಿ ಕಳೆದ ಹೊತ್ತನ್ನು ನಾನು ನಡುವೆ ಗಳಿಸಿದ್ದೆ. ನಾನು ಕೋಟೆ ಕಟ್ಟಿದೆ, ಅವನ ರಾಜ ಇನ್ನೂ ಬೀದಿಯಲ್ಲೇ ಇದ್ದ. ರಾಜನ ಮುಂದೆ ಅವನ ಮಂತ್ರಿ ಬಂದು ನಿಂತಿತು, ಆ ಸಾಲಿಗೆ ಸರಿಯಾಗಿ ನಾನು ಆನೆಯನ್ನು ತಂದು ನಿಲ್ಲಿಸಿದೆ. ಮಂತ್ರಿ ಸರಿದರೆ ರಾಜ ಸಾಯುತ್ತಾನೆ, ನಿಂತರೆ ಮಂತ್ರಿಯೇ ಹೋಗುತ್ತದೆ. ಸಿಳ್ಳೆ ನಿಂತಿತು. ಅವನು ಕೈ ಚಾಚಿದ. "ಚಹಾ ನಾನೇ ಮಾಡ್ತೀನಿ" ಎಂದ. ಒಳ್ಳೆಯ ಮನುಷ್ಯ, ಸಕ್ಕರೆ ಮಾತ್ರ ಹೆಚ್ಚು ಹಾಕುತ್ತಾನೆ.

ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಾ, "ಪಂದ್ಯ ಜೂನ್ ತನಕ ಇದೆ. ಇರ್ತೀರಲ್ಲ?" ಎಂದರು.

"ಇರ್ತೀನಿ" ಎಂದೆ.

ಮೆಟ್ಟಿಲಿಳಿದು ಚಪ್ಪಲಿ ಅಂಗಡಿಯ ಮುಂದೆ ಬಂದಾಗ ನಾನೇನು ಹೇಳಿದೆ ಎಂಬುದು ಕಿವಿಗೆ ಬಿತ್ತು. ಅಲ್ಲೇ ನಿಂತು ಯಾರದೋ ಹೊಸ ಬೂಟುಗಳನ್ನು ನೋಡಿ ನಕ್ಕೆ. ಅಂದ ಹಾಗೆ, ಮುಂದಿನ ವಾರದಿಂದ ನನಗೆ ಬಿಳಿ. ಬಿಳಿಯಲ್ಲಿ ಏನು ಆಡಬೇಕೆಂದು ಒಂದಕ್ಷರವೂ ಗೊತ್ತಿಲ್ಲ!

ಮಾರ್ಚ್ 30, ಭಾನುವಾರ

ಬೆಳಿಗ್ಗೆ ಅಕ್ಕ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಿದ್ದಳು. ಭಾವ ಕತ್ತರಿ ಹಿಡಿದು ಅವಳ ಅಪ್ಪಣೆಗೆ ಕಾಯುತ್ತಿದ್ದರು. ಅವಳು ಪುಟ್ಟೀ ಎನ್ನುವ ಮೊದಲೇ ನಾನು ಹೇಳಿದೆ.

"ಅಕ್ಕಾ, ನಾನು ಬರಲ್ಲ."

"ಎಲ್ಲಿಗೆ?"

"ಲಾರಿ ಎಲ್ಲಿಗೆ ಹೋಗುತ್ತೋ ಅಲ್ಲಿಗೆ."

ಟೇಪು ಕಿರ್ರೆಂದು ನಿಂತಿತು. ಭಾವ ಒಂದು ಪೂರ್ತಿ ವಾಕ್ಯ ಆಡಿದರು: "ನಾನು ಹೇಳಿರಲಿಲ್ವಾ, ಒಂದ್ಸಲ ಅವಳನ್ನೂ ಕೇಳು ಅಂತ."

ಅಕ್ಕ ಬಿಟ್ಟಾಳೆಯೇ? ಜ್ವರ ಬಂದರೆ ಎಂದಳು. ಔಷಧಿ ಅಂಗಡಿಯವನು ಗೊತ್ತು ಎಂದೆ. ಮನೆ ಯಾರು ಕೊಡುತ್ತಾರೆ ಎಂದಳು. ಕೆಳಗಿನವರು ಇದೇ ಮನೆ ಕೊಡುತ್ತಾರೆ, ಮಾತಾಡಿದ್ದೇನೆ ಎಂದೆ. ಕೆಲಸ ಹೋದರೆ? ಹೋಗಲ್ಲ, ಯಜಮಾನರು ಬಿಡಲ್ಲ. ಯಾರಾದರೂ ಬಾಗಿಲು ಬಡಿದರೆ? ತೆಗೀತೀನಿ. ಏನು ತಿಂತೀಯಾ? ನನಗೆ ಬೇಕಾದ್ದು. ಪ್ರತಿಯೊಂದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಯಾವಾಗ ಸಿದ್ಧ ಮಾಡಿಕೊಂಡೆನೋ ನನಗೇ ಗೊತ್ತಿಲ್ಲ.

ಆಮೇಲೆ ಅಕ್ಕ ಪಾತ್ರೆಯ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಮುಖ ಚಿಕ್ಕದಾಗಿತ್ತು.

"ಮತ್ತೆ ನಾನು ಹೇಗಿರ್ಲಿ ಅಲ್ಲಿ?"

ಹೀಗೊಂದು ಪ್ರಶ್ನೆ ಇರಬಹುದೆಂದೇ ನನಗೆ ಹೊಳೆದಿರಲಿಲ್ಲ.

"ಹೊಸ ಊರಿಗೆ ಹೋದಾಗೆಲ್ಲ ಪಕ್ಕದ ಮನೆಯವರನ್ನ ಮೊದಲು ಮಾತಾಡಿಸಿದ್ದು ಯಾರು? ಹಾಲಿನವನ್ನ ಹುಡುಕಿದ್ದು ಯಾರು? ನೀನು. ನಿನ್ನನ್ನ ಮುಂದೆ ಬಿಟ್ಟು ನಾನು ಹಿಂದಿಂದ ಬರ್ತಿದ್ದೆ. ನನಗೆ ಹೊಸಬರ ಮುಂದೆ ಬಾಯೇ ಬರಲ್ಲ ಪುಟ್ಟೀ. ನಿನಗಿನ್ನೂ ಗೊತ್ತಾಗಿಲ್ವಾ?"

ಗೊತ್ತಾಗಿರಲಿಲ್ಲ. ಅವಳು ನನ್ನನ್ನು ಹೊತ್ತು ತಿರುಗುತ್ತಿದ್ದಾಳೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಇಬ್ಬರೂ ಅತ್ತೆವು, ಆಮೇಲೆ ಟೇಪು ಅವಳ ಕೂದಲಿಗೆ ಅಂಟಿಕೊಂಡದ್ದು ನೋಡಿ ನಕ್ಕೆವು. ಭಾವ ಅಪ್ಪಣೆಯಿಲ್ಲದೆ ಕತ್ತರಿ ಆಡಿಸಿ ಬೈಸಿಕೊಂಡರು. ಮಧ್ಯಾಹ್ನ ಅಕ್ಕ ನನ್ನ ಪೆಟ್ಟಿಗೆಯ ಟೇಪನ್ನು ತಾನೇ ಬಿಚ್ಚಿ, ಬಟ್ಟೆ ಮಡಿಸಿ, ಬೀರುವಿನಲ್ಲಿ ಇಟ್ಟಳು. ನಾನಿಟ್ಟರೆ ಸರಿಯಾಗುವುದಿಲ್ಲವಂತೆ.

ಏಪ್ರಿಲ್ 3, ಗುರುವಾರ

ಲ್ಯಾಬಿಗೆ ಹೊರಡುವಾಗ ಅಕ್ಕನ ಫೋನು. ಪಿಸುಮಾತು.

"ಪುಟ್ಟೀ, ಎದುರು ಮನೆಯವಳು ಬಂದು ಬಾಗಿಲಲ್ಲಿ ನಿಂತಿದಾಳೆ. ನಾನು ಕಿಂಡಿಯಲ್ಲಿ ನೋಡ್ತಾ ಇದೀನಿ. ನಿಮ್ಮ ಭಾವ ಆಫೀಸಿಗೆ ಹೋದ್ರು. ಏನ್ಮಾಡ್ಲಿ?"

"ಬಾಗಿಲು ತೆಗಿ."

"ತೆಗೆದು?"

"ಇಲ್ಲಿ ಹಾಲು ಯಾವುದು ಚೆನ್ನಾಗಿದೆ ಅಂತ ಕೇಳು. ಅಷ್ಟು ಸಾಕು."

"ನೀನು ಇಡಬೇಡ. ಫೋನ್ ಇಡಬೇಡ."

ಅವಳು ಫೋನನ್ನು ಕೈಯಲ್ಲೇ ಹಿಡಿದುಕೊಂಡಿರಬೇಕು. ಚಿಲಕದ ಸದ್ದು ಕೇಳಿತು. ಹಿಂದೆಂದೂ ಕೇಳದ ಒಂದು ಸಣ್ಣ ದನಿಯಲ್ಲಿ ಅಕ್ಕ, "ಇಲ್ಲಿ ಹಾಲು..." ಎಂದಳು. ಆ ಕಡೆಯಿಂದ ಹೆಂಗಸೊಬ್ಬರು ಏನೋ ಉದ್ದಕ್ಕೆ ಹೇಳಿದರು. ಅಕ್ಕ ಹೂಂ ಎಂದಳು. ಇನ್ನೊಂದು ಹೂಂ. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತೇ ಇದ್ದೆ. ಆಮೇಲೆ ಅಕ್ಕನ ದನಿ ಸ್ವಲ್ಪ ದೊಡ್ಡದಾಯಿತು. ಇನ್ನೂ ಸ್ವಲ್ಪ.

"ಅಯ್ಯೋ, ಹಾಲನ್ನ ಹಾಗೆ ಕಾಯಿಸ್ತಾರೇನ್ರೀ? ಒಳಗೆ ಬನ್ನಿ, ನಾನು ತೋರಿಸ್ತೀನಿ."

ಫೋನು ಕಟ್ಟಾಯಿತು. ನಾನು ಹೊಸ್ತಿಲ ಮೇಲೆ ಕೂತು ಅಳುತ್ತಲೋ ನಗುತ್ತಲೋ ಇನ್ನೊಂದು ಚಪ್ಪಲಿ ಹಾಕಿಕೊಂಡೆ, ಲ್ಯಾಬಿಗೆ ಹೊತ್ತಾಗಿತ್ತು.